ಖಾಲಿಯಾಗದ ನೀರಿನ ಕ್ಯಾನು

ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಪೀಪಿ ಅಕ್ಕ ಅಂತಲೇ ಕರೆಯುತ್ತಿದ್ದರು. ನಲವತ್ತೆರಡು ಮಿಷನ್ನುಗಳು ಒಟ್ಟಿಗೆ ಓಡುವಾಗ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಅವಳು ಕುತ್ತಿಗೆಗೊಂದು ಪೀಪಿ ನೇತುಹಾಕಿಕೊಂಡು ಓಡಾಡುತ್ತಿದ್ದಳು. ಒಮ್ಮೆ ಊದಿದರೆ ಊಟದ ಬಿಡುವು, ಎರಡು ಸಲ ಊದಿದರೆ ಯಾರೋ ನೀಲಿ ಬಟ್ಟೆಗೆ ಬಿಳಿ ದಾರ ಹಾಕಿದ್ದಾರೆ ಎಂದರ್ಥ. ಹದಿನಾರು ವರ್ಷ ಮಿಷನ್ ತುಳಿದು ಆಮೇಲೆ ಸೂಪರ್‌ವೈಸರ್ ಆದವಳು. ವಯಸ್ಸು ನಲವತ್ತೇಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಅಲ್ಲಿಂದ ಕೆಳಗಿಳಿದು ಯಾರನ್ನೂ ಕಚ್ಚಿದ್ದಿಲ್ಲ.

ಆ ವರ್ಷದ ಬೇಸಿಗೆಗೆ ಮರ್ಯಾದೆ ಎನ್ನುವುದೇ ಇರಲಿಲ್ಲ. ಮೂರು ದಿನ ಸುಟ್ಟು ನಾಲ್ಕನೇ ದಿನ ಒಂದು ಚೂರು ಮೋಡವನ್ನಾದರೂ ತೋರಿಸಬೇಕಲ್ಲ, ಅದೂ ಇಲ್ಲ. ಹನ್ನೊಂದು ದಿನದಿಂದ ಒಂದೇ ಸಮನೆ ಬಿಸಿಗಾಳಿ. ಅದೇ ಹೊತ್ತಿಗೆ ಕಾರ್ಖಾನೆಗೆ ಕೈತುಂಬ ಕೆಲಸ. ಶಾಲೆಗಳು ತೆರೆಯುವುದರೊಳಗೆ ಸಾವಿರಾರು ಮಕ್ಕಳ ಸಮವಸ್ತ್ರ ಹೊಲಿದು, ಇಸ್ತ್ರಿ ಮಾಡಿ, ಮಡಚಿ ಕಳಿಸಬೇಕಿತ್ತು. ಹೊಲಿಗೆಯ ಹಾಲ್ ಇದ್ದದ್ದು ಮೂರನೇ ಮಹಡಿಯಲ್ಲಿ, ಮೇಲೆ ಬರೀ ತಗಡಿನ ಸೂರು. ಮಧ್ಯಾಹ್ನ ಒಂದರ ಮೇಲೆ ಕತ್ತರಿ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಫ್ಯಾನುಗಳು ಸೂರಿನಡಿಯ ಕಾವನ್ನೇ ಬಾಚಿ ತಂದು ಹೊಲಿಯುವವರ ನೆತ್ತಿಯ ಮೇಲೆ ಸುರಿಯುತ್ತಿದ್ದವು.

ಮಾಲೀಕರು ಎಲ್ಲಿಂದಲೋ ಒಂದು ಪ್ರಕಟಣೆ ತಂದು ಗೋಡೆಗೆ ಅಂಟಿಸಿದರು. ಧಾರಾಳವಾಗಿ ನೀರು ಕುಡಿಯಿರಿ, ಬಿಸಿಲಿಗೆ ಹೋಗಬೇಡಿ, ತಂಪಾದ ಜಾಗದಲ್ಲಿರಿ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಸಣ್ಣ ಅಕ್ಷರಗಳಲ್ಲಿ ಇನ್ನೂ ಏನೇನೋ ಇತ್ತು. ಪೀಪಿ ಅಕ್ಕ ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೂ ಓದಿದಳು. ಆ ಕಟ್ಟಡದಲ್ಲಿ ತಂಪಾದ ಜಾಗ ಇದ್ದದ್ದು ಒಂದೇ, ಒಂದನೇ ಮಹಡಿಯಲ್ಲಿದ್ದ ಮಾಲೀಕರ ಎ.ಸಿ. ಕೋಣೆ.

ಪ್ರಕಟಣೆಯ ಜೊತೆಗೆ ಎರಡು ದೊಡ್ಡ ನೀರಿನ ಕ್ಯಾನುಗಳೂ ಬಂದವು. ಒಂದು ಗಂಡಸರ ಕಡೆ, ಒಂದು ಹೆಂಗಸರ ಕಡೆ. ಮೊದಲ ದಿನ ಸಂಜೆ ಅವಳು ಹೋಗಿ ನೋಡಿದರೆ ಗಂಡಸರ ಕ್ಯಾನು ಖಾಲಿ, ಹೆಂಗಸರ ಕ್ಯಾನು ಬಹುಪಾಲು ತುಂಬಿಯೇ ಇತ್ತು. ಮಿಷನ್ ಮುಂದೆ ಕೂತಿದ್ದವರು ಗಂಡಸರಿಗಿಂತ ಹೆಂಗಸರೇ ಮೂರು ಪಾಲು ಹೆಚ್ಚು. ಅವಳು ಬೈದಳು. ಮರುದಿನವೂ ಕ್ಯಾನು ತುಂಬಿತ್ತು. ಮತ್ತೆ ಬೈದಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ, ಎಲ್ಲರೂ ತಲೆಯಾಡಿಸಿದರು, ಯಾರೂ ಲೋಟ ಎತ್ತಲಿಲ್ಲ.

ಮೂರನೇ ದಿನ ಕಾಲರ್ ಹೊಲಿಯುವ ಹುಡುಗಿಯ ತುಟಿ ಒಡೆದು ರಕ್ತ ಜಿನುಗಿದ್ದನ್ನು ಕಂಡು ಪೀಪಿ ಅಕ್ಕನಿಗೆ ತಡೆಯಲಾಗಲಿಲ್ಲ. ಲೋಟದಲ್ಲಿ ನೀರು ತಂದು ಅವಳ ಮಿಷನ್ ಮೇಲೆ ಕುಕ್ಕಿದಳು.

"ಕುಡಿ. ನನ್ನ ಕಣ್ಣೆದುರಿಗೇ ಕುಡಿ."

ಹುಡುಗಿ ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದಳು, "ಕುಡಿದ್ರೆ ಹೋಗ್ಬೇಕಲ್ಲ ಅಕ್ಕ."

"ಎಲ್ಲಿಗೆ?"

"ಕೆಳಗೆ."

ಪಕ್ಕದ ಮಿಷನ್ನಿನಾಕೆ ಬಾಯಿ ಬಿಟ್ಟಳು. "ಬೀಗದ ಕೈ ಗುಮಾಸ್ತರ ಹತ್ರ ಇರುತ್ತಲ್ಲ. ಎಲ್ಲ ಗಂಡಸರ ಮುಂದೆ ಕೈ ಚಾಚಿ ಕೇಳ್ಬೇಕು. ಬೆಳಿಗ್ಗೆ ಒಂದ್ಸಲ ಹೋಗಿದ್ಯಲ್ಲಮ್ಮ, ಮತ್ತೆ ಯಾಕೆ ಅಂತಾರೆ. ಹೋದ ಹೊತ್ತು, ಬಂದ ಹೊತ್ತು ಬೇರೆ ಬರೆದಿಡ್ತಾರೆ. ಯಾರಿಗೆ ಬೇಕು ಹೇಳಿ, ಈ ಸಂತೆ."

ಪೀಪಿ ಅಕ್ಕ ನಿಂತಲ್ಲೇ ನಿಂತಳು. ಹೆಂಗಸರ ಪಾಯಿಖಾನೆ ಕೆಳಗೆ, ಅಂಗಳದ ಆಚೆ ಮೂಲೆಯಲ್ಲಿತ್ತು. ಮೂರು ಮಹಡಿ ಇಳಿದು, ಉರಿಬಿಸಿಲಲ್ಲಿ ಅಂಗಳ ದಾಟಿ ಹೋಗಬೇಕಿತ್ತು. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹದಿನಾರು ವರ್ಷ ಅವಳೂ ಬೆಳಗಿನಿಂದ ಸಂಜೆಯವರೆಗೆ ಒಂದೆರಡು ಗುಟುಕು ನೀರಿನಲ್ಲೇ ಕಾಲ ಹಾಕಿದ್ದಳು. ಅಭ್ಯಾಸವಾಗಿ ಹೋಗಿದ್ದರಿಂದ ಅದೊಂದು ಕಷ್ಟ ಎನ್ನುವುದೇ ಮರೆತುಹೋಗಿತ್ತು. ಮೂರು ದಿನದಿಂದ ಇವರನ್ನೆಲ್ಲ ಬೈದೆನಲ್ಲ, ಒಂದು ಸಲವಾದರೂ ಯಾಕೆ ಎಂದು ಕೇಳಿದೆನೇ ಎಂದು ತನ್ನ ಮೇಲೇ ರೇಗಿತು.

ಗುಮಾಸ್ತನ ಬಳಿ ಹೋದಳು.

"ಆ ಬೀಗದ ಕೈ ನನಗೆ ಕೊಡಿ."

"ರೂಲ್ಸು ನಾನು ಮಾಡಿದ್ದಲ್ಲಮ್ಮ."

"ಮತ್ತೆ ಯಾರು ಮಾಡಿದ್ದು?"

"ಮೊದಲಿಂದ ಹಾಗೇ ಇದೆ. ಮಾಲೀಕರನ್ನ ಕೇಳಿ."

ಮಾಲೀಕರನ್ನು ಕೇಳಿದರೆ, "ಅದೆಲ್ಲ ನನಗ್ಯಾಕೆ ಹೇಳ್ತೀರಿ, ಗುಮಾಸ್ತರು ನೋಡ್ಕೋತಾರೆ," ಎಂದರು. ಮತ್ತೆ ಗುಮಾಸ್ತನ ಬಳಿ ಬಂದಾಗ ಅವನು ಊಟಕ್ಕೆ ಹೋಗಿದ್ದ. ಬೀಗದ ಕೈ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅವಳು ಅದನ್ನು ತೆಗೆದುಕೊಂಡು ಹೋಗಿ ಬಾಗಿಲು ತೆರೆದು, ಬೀಗವನ್ನೂ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಒಳಗಿನ ಚಿಲಕ ಗಟ್ಟಿಯಾಗಿಯೇ ಇತ್ತು, ಅಷ್ಟು ಸಾಕು. ಸಂಜೆ ಗುಮಾಸ್ತ ಹುಡುಕಿಕೊಂಡು ಬಂದ.

"ಬೀಗ ಎಲ್ಲಮ್ಮ?"

"ಬಿಸಿಲಿಗೆ ಕರಗಿ ಹೋಯ್ತು."

ಮರುದಿನ ಹನ್ನೊಂದು ಗಂಟೆಗೆಲ್ಲ ಹೆಂಗಸರ ಕ್ಯಾನು ಖಾಲಿಯಾಯಿತು. ಇಷ್ಟೊಂದು ನೀರು ಎಲ್ಲಿಂದ ತರೋದು ಎಂದು ಗುಮಾಸ್ತ ಗೊಣಗಿದ. ಪೀಪಿ ಅಕ್ಕ ಹಣೆ ಚಚ್ಚಿಕೊಂಡಳು.

ಇಷ್ಟಾದರೂ ಒಬ್ಬರು ಮಾತ್ರ ಜಗ್ಗಲಿಲ್ಲ, ಇಸ್ತ್ರಿ ಮಾವ. ವಯಸ್ಸು ಅರವತ್ತಕ್ಕೆ ಎರಡು ಕಡಿಮೆ. ಹಾಲ್‌ನ ಹಿಂಬದಿಯ ಮೂಲೆಯಲ್ಲಿ ಹಬೆಯ ಇಸ್ತ್ರಿಪೆಟ್ಟಿಗೆ ಹಿಡಿದು ಮೂವತ್ತು ವರ್ಷ ಕಳೆದವರು. ಹೊರಗೆ ಎಷ್ಟು ಬಿಸಿಯಿದ್ದರೂ ಅವರ ಮೂಲೆಯಲ್ಲಿ ಅದಕ್ಕಿಂತ ಹೆಚ್ಚು.

"ಮಾವ, ಅರ್ಧ ಗಂಟೆಗೊಂದು ಲೋಟ ನೀರು ಕುಡೀರಿ. ನಡುನಡುವೆ ಬಂದು ಕಿಟಕಿ ಹತ್ರ ಕೂತ್ಕೊಳ್ಳಿ."

"ಮೂವತ್ತು ವರ್ಷದಿಂದ ಹಬೆಯಲ್ಲೇ ಬೆಂದಿದೀನಿ. ಬೆಂದಿದ್ದನ್ನ ಮತ್ತೆ ಬೇಯಿಸೋಕಾಗುತ್ತಾ? ಹೋಗು, ನಿನ್ನ ಪೀಪಿ ಊದ್ಕೋ ಹೋಗು."

ಇಸ್ತ್ರಿ ಕೆಲಸವನ್ನಾದರೂ ಬೆಳಗಿನ ಐದರಿಂದ ಹತ್ತರವರೆಗೆ ಇಡೋಣ ಎಂದು ಅವಳು ಮಾಲೀಕರಿಗೆ ಹೇಳಿದಳು. ಐದು ಗಂಟೆಗೆ ಬಾಗಿಲು ತೆಗೆಯುವವರು ಯಾರು ಎಂದು ಅವರು ಕೇಳಿದರು. ನಾನೇ ತೆಗೆಯುತ್ತೇನೆ ಎಂದಳು. "ನೋಡೋಣ," ಎಂದರು. ಅವರು ನೋಡೋಣ ಎಂದರೆ ಯಾರೂ ಏನೂ ನೋಡುವುದಿಲ್ಲ ಎಂದು ಇಡೀ ಕಾರ್ಖಾನೆಗೆ ಗೊತ್ತಿತ್ತು.

ಮನೆಗೆ ಹೋದರೆ ಅಲ್ಲಿ ಅತ್ತೆ. ರಜೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಅವರು ಮನೆಯ ಎಲ್ಲ ಕಿಟಕಿಗಳನ್ನೂ ಹಾರು ಹೊಡೆದು ಕೂತಿದ್ದರು.

"ಯಾಕತ್ತೆ ಇದೆಲ್ಲ ತೆರೆದಿದೀರಿ?"

"ಗಾಳಿ ಬರ್ಲಿ ಅಂತ."

"ಅದು ಗಾಳಿ ಅಲ್ಲ, ಒಲೆ. ಬಿಸಿಲಲ್ಲಿ ಮುಚ್ಚಿ, ಹೊತ್ತು ಮುಳುಗಿ ತಂಪಾದ ಮೇಲೆ ತೆಗೀಬೇಕು ಅಂತ ಎಷ್ಟು ಸಲ ಹೇಳಿದೀನಿ."

"ಹೊತ್ತು ಮುಳುಗಿದ ಮೇಲೆ ತೆಗೆದ್ರೆ ಕಳ್ಳರು ಬರಲ್ವಾ?"

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಅವಳು ಕಿಟಕಿಗಳನ್ನು ಮುಚ್ಚಿ, ಪರದೆಗಳಿಗೆ ನೀರು ಚಿಮುಕಿಸಿ, ಅತ್ತೆಯ ಕೈಗೆ ಉಪ್ಪು ಸಕ್ಕರೆ ಕದಡಿದ ನೀರು ಕೊಟ್ಟಳು. ಅತ್ತೆ ಅರ್ಧ ಕುಡಿದು, ಉಳಿದರ್ಧವನ್ನು ಅವಳು ಆಚೆ ಹೋದ ಕೂಡಲೇ ಗಿಡಕ್ಕೆ ಹಾಕಿದರು.

ಬಿಸಿಗಾಳಿ ಶುರುವಾದ ಹದಿನೇಳನೇ ದಿನ, ಮಧ್ಯಾಹ್ನ ಎರಡೂವರೆ ಇರಬಹುದು. ಪೀಪಿ ಅಕ್ಕ ಮಡಚಿದ ಬಟ್ಟೆಯ ಕಟ್ಟು ಎಣಿಸಲು ಹಿಂಬದಿಗೆ ಹೋದಾಗ ಇಸ್ತ್ರಿ ಮಾವ ಒಂದೇ ಅಂಗಿಯ ಒಂದೇ ತೋಳನ್ನು ಮತ್ತೆ ಮತ್ತೆ ತಿಕ್ಕುತ್ತಿದ್ದರು. ತೋಳು ಕಂದು ಬಣ್ಣಕ್ಕೆ ತಿರುಗಿತ್ತು.

"ಮಾವ, ಬಟ್ಟೆ ಸುಡ್ತಿದೆ."

ಅವರು ತಲೆಯೆತ್ತಿ ಅವಳನ್ನು ನೋಡಿದರು. ಕಣ್ಣು ಕೆಂಪಗಿತ್ತು. "ಅಮ್ಮ, ಬಸ್ಸು ಬಂತಾ?" ಎಂದರು.

ಅವಳು ಮೊದಲು ಇಸ್ತ್ರಿಯ ಸ್ವಿಚ್ ಆರಿಸಿ ಅವರ ಕೈ ಹಿಡಿದಳು. ಅದು ಇಸ್ತ್ರಿಪೆಟ್ಟಿಗೆಯಷ್ಟೇ ಕಾದಿತ್ತು, ಬೆವರಿನ ಪಸೆಯೂ ಇರಲಿಲ್ಲ. ಅಷ್ಟರಲ್ಲಿ ಅವರ ಮೊಣಕಾಲು ಮಡಚಿಕೊಂಡಿತು. ಅವಳು ಉಸಿರು ಇರುವಷ್ಟೂ ಪೀಪಿ ಊದಿದಳು. ನಲವತ್ತೆರಡು ಮಿಷನ್ನುಗಳು ಒಂದೊಂದಾಗಿ ನಿಂತವು.

"ಆಂಬುಲೆನ್ಸಿಗೆ ಫೋನ್ ಮಾಡ್ರಿ. ನಾಲ್ಕು ಜನ ಇಲ್ಲಿ ಬನ್ನಿ. ಆ ಥಾನು ಬಿಚ್ಚಿ."

ಸಮವಸ್ತ್ರದ ನೀಲಿ ಬಟ್ಟೆಯ ಥಾನನ್ನು ಬಿಚ್ಚಿ, ಅದರಲ್ಲೇ ಅವರನ್ನು ಮಲಗಿಸಿ ಎತ್ತಿದರು. ಅಂಗಳಕ್ಕೆ ಒಯ್ಯೋಣ ಎಂದು ಯಾರೋ ಅಂದರು. "ಬಿಸಿಲಿಗೆ ಒಯ್ದು ಒಣಗಿಸ್ತೀಯಾ?" ಎಂದು ರೇಗಿ, ಅವಳು ಎರಡು ಮಹಡಿ ಇಳಿಸಿ ನೇರವಾಗಿ ಮಾಲೀಕರ ಕೋಣೆಗೆ ನುಗ್ಗಿಸಿದಳು. ಕೋಣೆ ಖಾಲಿಯಿತ್ತು. ನೆಲಹಾಸಿನ ಮೇಲೆ ಮಲಗಿಸಿ, ಅಂಗಿ ಬಿಚ್ಚಿ, ಎರಡೂ ಕ್ಯಾನುಗಳ ನೀರನ್ನು ಮೈಮೇಲೆ ಸುರಿದರು. ಒದ್ದೆ ಬಟ್ಟೆ ಹೊದಿಸಿ, ಕಟಿಂಗ್ ಮೇಜಿನ ರಟ್ಟುಗಳಿಂದ ಬೀಸಿದರು. ಎದುರಿನ ಐಸ್‌ಕ್ರೀಮ್ ಅಂಗಡಿಯಿಂದ ತಂದ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ, ಕುತ್ತಿಗೆಗೆ ಇಟ್ಟರು. ಕಾಲರ್ ಹುಡುಗಿ ಗಾಬರಿಯಲ್ಲಿ ಲೋಟದ ನೀರನ್ನು ಅವರ ಬಾಯಿಗೆ ಹಾಕಲು ಹೋದಾಗ ಪೀಪಿ ಅಕ್ಕ ಅವಳ ಕೈ ತಡೆದಳು.

"ಬಾಯಿಗೆ ಹಾಕ್ಬೇಡ. ಎಚ್ಚರ ಇಲ್ದಿದ್ದಾಗ ನೀರು ಶ್ವಾಸಕ್ಕೆ ಹೋಗುತ್ತೆ. ಮೈಗೆ ಹಾಕು, ಎಷ್ಟು ಬೇಕಾದ್ರೂ ಹಾಕು."

ಅದು ಪ್ರಕಟಣೆಯ ಸಣ್ಣ ಅಕ್ಷರಗಳಲ್ಲಿದ್ದ ಮಾತು.

ಅಷ್ಟರಲ್ಲಿ ಮಾಲೀಕರು ಊಟ ಮುಗಿಸಿ ಬಂದರು. ತೊಯ್ದ ನೆಲಹಾಸು, ಹಾಳಾದ ಥಾನು, ಕೋಣೆಯ ತುಂಬ ಹೆಂಗಸರು. "ಏನಮ್ಮ ಇದು? ನನ್ನ ಕೋಣೇನೇ ಬೇಕಿತ್ತಾ?" ಎಂದರು.

"ತಂಪಾದ ಜಾಗದಲ್ಲಿರಿ ಅಂತ ನೀವೇ ಅಂಟಿಸಿದೀರಲ್ಲ ಸಾರ್," ಎಂದಳು, ಬೀಸುವುದನ್ನು ನಿಲ್ಲಿಸದೆ. ಮಾಲೀಕರು ನೆಲದ ಮೇಲಿದ್ದ ಮುಖವನ್ನು ಆಗ ಸರಿಯಾಗಿ ನೋಡಿದರು. ಎ.ಸಿ.ಯನ್ನು ಇನ್ನಷ್ಟು ಜೋರು ಮಾಡಿದರು.

ಆಂಬುಲೆನ್ಸು ಬರಲು ಮೂವತ್ತೈದು ನಿಮಿಷ ಹಿಡಿಯಿತು. ಹೊರಡುವ ಹೊತ್ತಿಗೆ ಮಾವ ಕಣ್ಣು ಪಿಳುಕಿಸಿ, ಬಸ್ಸಿನ ವಿಷಯ ಬಿಟ್ಟು, ಇಸ್ತ್ರಿ ಆರಿಸಿದ್ರಾ ಎಂದು ಕೇಳಿದ್ದರು. ಆಸ್ಪತ್ರೆಯ ಡಾಕ್ಟರು, "ದಾರಿ ಕಾಯ್ತಾ ಸುಮ್ಮನೆ ಕೂರದೆ ಮೈ ತಣ್ಣಗೆ ಮಾಡಿದ್ದಕ್ಕೆ ಉಳಿದ್ರು," ಎಂದರು. ಅವಳು ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಅಲ್ಲಿಯವರೆಗೆ ಸಿಟ್ಟು ಅಳುವುದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಇಷ್ಟು ಸಣ್ಣ ಮಾತಿಗೆ ಒಬ್ಬ ಮನುಷ್ಯ ನೆಲಕ್ಕೆ ಬೀಳಬೇಕಾಯಿತಲ್ಲ ಎಂದು ಈಗ ಅಳು ಬಂತು.

ಮಾವ ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಆಸ್ಪತ್ರೆಯಿಂದ ಸುದ್ದಿ ತಿಳಿದು ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ಬಂದು ಹೊಲಿಗೆ ಹಾಲ್‌ನಲ್ಲಿ ಹತ್ತು ನಿಮಿಷ ನಿಂತರು. ಹನ್ನೊಂದನೇ ನಿಮಿಷಕ್ಕೆ ಕೆಳಗಿಳಿದು, ಕೆಲಸದ ಹೊತ್ತು ಬದಲಾಯಿಸಿ ಎಂದು ಬರೆದುಕೊಟ್ಟರು. ಇಸ್ತ್ರಿ ಬೆಳಗಿನ ಐದಕ್ಕೆ, ಹೊಲಿಗೆ ಆರಕ್ಕೆ, ಹನ್ನೆರಡಕ್ಕೆ ಎಲ್ಲ ಬಂದ್ ಎಂದಾಯಿತು. ಸೂರಿಗೆ ಸುಣ್ಣ ಬಳಿದರು. ಇನ್ನಾದರೂ ನೆಮ್ಮದಿ ಎಂದು ಪೀಪಿ ಅಕ್ಕ ಅಂದುಕೊಂಡಳು. ಮೊದಲ ದಿನವೇ ಅರ್ಧ ಜನ ಮುಖ ಊದಿಸಿಕೊಂಡು ಬಂದರು.

"ಇಷ್ಟು ಬೇಗ ಎದ್ದು ಬರೋಕಾಗುತ್ತಾ ಅಕ್ಕ? ಮೊದಲೇ ಚೆನ್ನಾಗಿತ್ತು."

ಅವಳು ಪೀಪಿ ಬಾಯಿಗಿಟ್ಟು ಊದಿದಳು. ಉತ್ತರ ಕೊಟ್ಟಿದ್ದರೆ ಅದನ್ನು ಇಲ್ಲಿ ಬರೆಯಲು ಬರುತ್ತಿರಲಿಲ್ಲ.

ಮಾವ ಒಂದು ತಿಂಗಳ ಮೇಲೆ ಮರಳಿ ಬಂದರು. ಹಬೆಯ ಕೆಲಸ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಕಿಟಕಿಯ ಪಕ್ಕ ಗುಂಡಿ ಹಾಕುವ ಕೆಲಸ ಕೊಟ್ಟರು. ತಾನು ಸಾವಿನ ಬಾಗಿಲು ತಟ್ಟಿ ಬಂದ ಕಥೆಯನ್ನು ಅವರು ದಿನಕ್ಕೊಂದು ರೀತಿ ಹೇಳುತ್ತಿದ್ದರು. ಅದರಲ್ಲಿ ಪೀಪಿ ಅಕ್ಕನ ಪಾತ್ರ ದಿನದಿನಕ್ಕೆ ಚಿಕ್ಕದಾಗುತ್ತ ಬಂತು. ಆದರೆ ಅವಳು ಲೋಟ ಹಿಡಿದು ಎದುರಿಗೆ ನಿಂತರೆ ಮಾತ್ರ ಮಾತಿಲ್ಲದೆ ಕುಡಿಯುತ್ತಿದ್ದರು.

ಮಳೆ ಬಿದ್ದ ಮೇಲೆ ಕೆಲಸದ ಹೊತ್ತು ಮತ್ತೆ ಮೊದಲಿನಂತಾಯಿತು. ಮರುವರ್ಷ ಬೇಸಿಗೆ ಕಾಲಿಡುವ ಮೊದಲೇ ಮಾಲೀಕರು ಎಲ್ಲರನ್ನೂ ಸೇರಿಸಿ, "ಕೆಲಸದ ಹೊತ್ತು ಬೆಳಿಗ್ಗೆಗೆ ಇಟ್ಟರೆ ಹೇಗೆ ಅಂತ ನನಗೊಂದು ಯೋಚನೆ ಬಂದಿದೆ," ಎಂದರು. ಎಲ್ಲರೂ ತಿರುಗಿ ಪೀಪಿ ಅಕ್ಕನ ಮುಖ ನೋಡಿದರು. ಅವಳು ಒಂದು ದೀರ್ಘ ಉಸಿರು ಬಿಟ್ಟು, "ಒಳ್ಳೇ ಯೋಚನೆ ಸಾರ್," ಎಂದಳು.