ಗೋಡೆಯೊಳಗಿನ ಹತ್ತೊಂಬತ್ತು ಸಾಲು

ಆ ದಿನಗಳಲ್ಲಿ ನಮ್ಮ ಮನೆಗೆ ಬಾಗಿಲಿರಲಿಲ್ಲ, ಗೋಡೆಗೆ ಗಿಲಾವೂ ಇರಲಿಲ್ಲ. ಪುಣೆಯ ವಾಕಡದಲ್ಲಿ ಏಳುತ್ತಿದ್ದ ಹನ್ನೊಂದು ಮಹಡಿಯ ಕಟ್ಟಡದ ಕೆಳಗಿನ ಕೋಣೆಯಲ್ಲಿ, ಯಾದಗಿರಿ ಕಡೆಯಿಂದ ಬಂದ ನಾವು ಮೂವರು ಇದ್ದೆವು. ಅಪ್ಪ ಗೋಡೆ ಕಟ್ಟುವ ಗೌಂಡಿ. ಹಸಿ ಸಿಮೆಂಟಿನ ವಾಸನೆ ಬಂದರೆ ಇವತ್ತಿಗೂ ನನಗೆ ಅವ್ವ ಬಡಿಯುತ್ತಿದ್ದ ಜೋಳದ ರೊಟ್ಟಿ ನೆನಪಾಗಿ ಹಸಿವಾಗುತ್ತದೆ. ಶಾಲೆ ಬಿಟ್ಟ ಮೇಲೆ ಮರಳಿನ ಗುಡ್ಡೆಯ ಮೇಲಿಂದ ಜಿಗಿಯುವುದೇ ನನ್ನ ಆಟ.

ನಮ್ಮ ಮರಾಠಿ ಶಾಲೆಯಲ್ಲಿ ಟೀಚರನ್ನು ‘ಬಾಯಿ’ ಎನ್ನುತ್ತಿದ್ದೆವು. ಇಂಗ್ಲಿಷಿನ ಬಾಯಿ ಒಂದು ದಿನ, ‘ರನ್’ ಅಂದರೆ ಓಡುವುದಷ್ಟೇ ಅಲ್ಲ, ಅದರ ಇಪ್ಪತ್ತು ಅರ್ಥ ಹುಡುಕಿ, ಬರೆದದ್ದನ್ನು ನೋಡದೆ ಹೇಳಿದವರಿಗೆ ದೀಪಾವಳಿ ರಜೆಗೆ ತಮ್ಮ ದಪ್ಪ ಡಿಕ್ಷನರಿ ಕೊಡುವುದಾಗಿ ಹೇಳಿದರು. ಆ ಪುಸ್ತಕದ ಮೇಲೆ ನನಗೆ ವಿಪರೀತ ಆಸೆ. ಕಂಡಕಂಡದ್ದನ್ನೆಲ್ಲ ಹೊತ್ತು ಹೋಗಿ, “ಬಾಯಿ, ಹೇ ಪಣ ರನ್ ಕಾ?” ಇದೂ ರನ್ನಾ ಎಂದು ಪೀಡಿಸುತ್ತಿದ್ದೆ. ನಲ್ಲಿ ಸುರಿಯುವುದೂ ರನ್, ಮೂಗು ಸೋರುವುದೂ ರನ್. ಸಿಮೆಂಟು ಕಲಸುವ ಮಷೀನು ತಿರುಗಿದರೂ, ಮೂಲೆಯ ಹೋಟೆಲನ್ನು ಶೆಟ್ಟರು ನಡೆಸಿದರೂ, ಅವ್ವನ ಕೆಂಪು ಸೀರೆ ಬಣ್ಣ ಬಿಟ್ಟರೂ ಅದೇ! ಸಿಕ್ಕಿದ್ದನ್ನೆಲ್ಲ ಸೀಮೆಸುಣ್ಣದಲ್ಲಿ ನಮ್ಮ ಕೋಣೆಯ ಇಟ್ಟಿಗೆ ಗೋಡೆಗೆ ಬರೆದೆ. ಆ ಗೋಡೆಗೆ ಗಿಲಾವು ಮಾಡಬೇಕಾದವನು ನನ್ನಪ್ಪನೇ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹತ್ತೊಂಬತ್ತಾಗಿತ್ತು. ಅಪ್ಪ ಉಳಿದ ಕೋಣೆಗಳನ್ನೆಲ್ಲ ಮುಗಿಸಿ, ನಮ್ಮದೊಂದನ್ನೇ ಉಳಿಸಿದ್ದಕ್ಕೆ ಕೆಲಸ ಮಾಡಿಸುವ ಮುಕಾದಮನ ಕೈಲಿ ಎರಡು ಸಲ ಬೈಸಿಕೊಂಡು, ಕೊನೆಗೆ ಕಲಸಿದ ಸಿಮೆಂಟಿನ ಮಾಲಿನ ಬುಟ್ಟಿ ಹಿಡಿದು ಬಂದ. ಸಾಲುಗಳನ್ನು ಬರೆದುಕೊಳ್ಳಲು ನಾನು ಅಳುತ್ತಾ ನೋಟ್‌ಬುಕ್ ತೆಗೆದೆ.

“ವಹಿ ಒಳಗಿಡವ್ವ. ನೋಡಿ ಹೇಳಾಕ ನಿಮ್ಮ ಬಾಯಿ ಬಿಡ್ತಾರೇನು? ಒಂದೊಂದು ಸಾಲು ಕಣ್ಣು ಮುಚ್ಚಿ ಹೇಳು. ನೀ ಹೇಳಿದ್ ಮ್ಯಾಲ ನಾ ಮುಚ್ಚತೀನಿ.”

ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ತಪ್ಪಿದೆನೋ ಸರಿ ಹೇಳಿದೆನೋ ಎಂದು ನನ್ನ ಮುಖ ನೋಡಿಯೇ ತಿಳಿಯುತ್ತಿದ್ದ. ಏಳನೆಯದಕ್ಕೆ ನಾನು ತಡವರಿಸಿದಾಗ ಗಿಲಾವು ಬಳಿಯುವ ಕರಣಿ ಹಿಡಿದ ಕೈ ಹಾಗೇ ನಿಂತಿತು. ಕೆಳಗಿನ ಸಾಲುಗಳಿಗೆ ಬರುವ ಹೊತ್ತಿಗೆ ಮಾಲು ಬಿಗಿಯಿತೆಂದು ಅಪ್ಪ ಹಾಕಿದ ನೀರು ಹೆಚ್ಚಾಗಿ, ಅದು ಗೋಡೆಯಿಂದ ಜಾರತೊಡಗಿತು.

“ಥೂ, ಇದರವ್ವನ! ಭಾಳ ತೆಳ್ಳಗಾಗ್ಯದ, ಇಳಿಲಿಕತ್ತದ.”

“ಅಪ್ಪಾ, ಇದೂ ರನ್ ಇರಬೇಕು!”

ಇತ್ತು. ಮರುದಿನ ಬಾಯಿ ಹೌದೆಂದರು, ಇಪ್ಪತ್ತೂ ಕೇಳಿಸಿಕೊಂಡು ಡಿಕ್ಷನರಿ ಕೊಟ್ಟರು. ಅದರಲ್ಲಿ ಆ ಒಂದು ಶಬ್ದಕ್ಕೇ ಪುಟಗಟ್ಟಲೆ ಅರ್ಥ. ಅಪ್ಪ ಬೆರಳಾಡಿಸಿ ನೋಡಿ ನಕ್ಕ. “ಇಷ್ಟೂ ಬರೀಬೇಕಂದ್ರ ಇನ್ನೊಂದು ಬಿಲ್ಡಿಂಗ್ ಕಟ್ಟಬೇಕಲ್ಲವ್ವ!”

ಈಗ ಆ ಕೋಣೆಯಲ್ಲಿ ಯಾರೋ ಇದ್ದಾರೆ. ಹತ್ತೊಂಬತ್ತು ಸಾಲು ಅವರ ಗೋಡೆಯೊಳಗಿವೆ. ನನ್ನ ಫೋನು ಯಾವ ಶಬ್ದದ ಅರ್ಥವನ್ನಾದರೂ ಕ್ಷಣದಲ್ಲಿ ತೋರಿಸುತ್ತದೆ. ಮೊನ್ನೆ ಒಂದೇ ಶಬ್ದವನ್ನು ಮೂರು ಸಲ ನೋಡಿ ಮೂರು ಸಲವೂ ಮರೆತೆ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅರ್ಥ ನನ್ನ ಬಾಯಿಗೆ ಬರುವವರೆಗೆ ಕೆಲಸ ನಿಲ್ಲಿಸಿಕೊಂಡು ಕಾಯುವವರು ಈಗ ಯಾರೂ ಇಲ್ಲ.