ಹಳೇ ಡಬ್ಬಿಯ ಹಿಟ್ಟು

ಗಂಗಾದೇವಿಯ ಪಾದದ ಮೂಳೆ ಮುರಿದದ್ದು ಮೆಟ್ಟಿಲ ಮೇಲೆ, ಹೊಟ್ಟೆ ಉರಿಯತೊಡಗಿದ್ದು ಮಂಚದ ಮೇಲೆ. ಆಪರೇಷನ್ ಮಾಡಿ ಎರಡು ಸ್ಕ್ರೂ ಹಾಕಿದ ಡಾಕ್ಟರು, "ಆರು ವಾರ ಕಾಲು ಊರೋ ಹಾಗಿಲ್ಲ, ದಿಂಬಿನ ಮೇಲೆ ಎತ್ತಿಟ್ಟಿರಬೇಕು" ಎಂದು ಮನೆಗೆ ಕಳಿಸಿದ್ದರು. ಹೇಳುವುದಕ್ಕೇನು, ಅವರೇನು ದಿನಾ ಎಂಬತ್ತು ಜೋಳದ ರೊಟ್ಟಿ ಬಡಿಯಬೇಕೇ?

ಗಂಡ ವೀರಬಸಪ್ಪನ ಜೊತೆ ಸಿಂದಗಿಯಿಂದ ಬಂದು, ಹದಿನೆಂಟು ವರ್ಷದಿಂದ ಸಹಕಾರನಗರದ ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತಿದ್ದವಳು. ಒಬ್ಬ ಗಿರಾಕಿಯನ್ನೂ ಬೇರೆಯವರಿಗೆ ಬಿಟ್ಟುಕೊಟ್ಟವಳಲ್ಲ. ಈಗ ವೀರಬಸಪ್ಪ ರಾಜಾನುಕುಂಟೆಯಲ್ಲಿದ್ದ ದೂರದ ಸಂಬಂಧಿ ಶರಣವ್ವನನ್ನು ಕರೆತಂದು ಒಲೆ ಮುಂದೆ ನಿಲ್ಲಿಸಿಬಿಟ್ಟ.

ಶರಣವ್ವ ಒಳ್ಳೆಯವಳು, ಅದೇ ತೊಂದರೆ. ಬೆಳಗ್ಗೆ ಗಂಗಾದೇವಿಯ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಹೊಲಿಗೆಗೆ ನೀರು ತಾಗದಂತೆ ಸ್ನಾನ ಮಾಡಿಸುವಳು. ಆಮೇಲೆ ಅಡುಗೆಮನೆಯಿಂದ ಟಪಟಪ ಸದ್ದು. ಕೇಳಿದರೇ ಗೊತ್ತಾಗುತ್ತಿತ್ತು, ಪಳಗಿದ ಕೈ. ಗಂಗಾದೇವಿಗೆ ಪಾದಕ್ಕಿಂತ ಆ ಸದ್ದೇ ಹೆಚ್ಚು ನೋವು ಕೊಡುತ್ತಿತ್ತು.

ಎದುರು ಬೀದಿಯ ಟೈಲರ್ ಮೊಯಿನುದ್ದೀನ್ ಸಾಬರು ಶುಗರ್ ಬಂದಾಗಿನಿಂದ ದಿನಾ ಆರು ರೊಟ್ಟಿ ಒಯ್ಯುವವರು. ಒಂದು ಸಂಜೆ ಬಾಗಿಲಲ್ಲೇ ನಿಂತು, "ಆಯಮ್ಮನ ರೊಟ್ಟಿ ಬೆಳಗ್ಗೆವರೆಗೂ ಮೆತ್ತಗೇ ಇರುತ್ತಮ್ಮ" ಎಂದುಬಿಟ್ಟರು. ಇಷ್ಟು ವರ್ಷ ಇವಳ ರೊಟ್ಟಿ ತಿಂದ ಬಾಯಿ ಒಂದು ದಿನವೂ ಇವಳಿಗೆ ಆ ಮಾತು ಹೇಳಿರಲಿಲ್ಲ.

ಮರುದಿನ ಗಿರಣಿಯಿಂದ ಹೊಸ ಹಿಟ್ಟಿನ ಚೀಲ ಬಂದು ಮಂಚದ ಪಕ್ಕದಲ್ಲಿ ಕೂತಿತು. ಶರಣವ್ವ ಬಟ್ಟೆ ಒಣಹಾಕಲು ಮಹಡಿಗೆ ಹೋದದ್ದೇ ತಡ, ಗಂಗಾದೇವಿ ಆ ಚೀಲವನ್ನು ವಾಕರಿನಿಂದ ಮಂಚದ ಕೆಳಗೆ ತಳ್ಳಿದಳು. ಇಳಿದು ಬಂದವಳಿಗೆ, "ಮೊದ್ಲ ಹಳೇ ಡಬ್ಬಿದು ಮುಗಸವ್ವ" ಎಂದಳು. ಅದು ಮೂರು ತಿಂಗಳ ಹಿಟ್ಟು. ಹಳತಾಗಿ ಜಿಗಿ ಹೋದ ಜೋಳದ ಹಿಟ್ಟಿನಲ್ಲಿ ಯಾರು ಬಡಿದರೂ ರೊಟ್ಟಿ ಬಿರಿಯುತ್ತದೆ, ಅದು ಗಂಗಾದೇವಿಗೆ ಗೊತ್ತಿಲ್ಲವೇ? ಶರಣವ್ವ ಡಬ್ಬಿ ಮೂಸಿ ನೋಡಿ, "ಆತ್ರಿ ಅಕ್ಕಾ" ಎಂದಳಷ್ಟೇ.

ಮಾರನೆಯ ಸಂಜೆ ಸಾಬರು ಬಂದರು. "ನಿನ್ನೆ ರೊಟ್ಟಿ ಎಲ್ಲಾ ಬಿರಿದಿತ್ತಮ್ಮ."

ಗಂಗಾದೇವಿಯ ಹೊಟ್ಟೆ ತಣ್ಣಗಾಯಿತು. ಇನ್ನೂ ಹೇಳಲಿ, ಒಳಗಿರುವವಳಿಗೂ ಕೇಳಲಿ ಎಂದು ಸುಮ್ಮನೆ ಕೂತಳು.

"ನೀವೇ ಎದ್ದು ನಿಂತು ಮಾಡಿದ್ರಿ ಅಲ್ವಾ? ನಮ್ಮನೆಯವಳು ನೋಡಿದ ಕೂಡ್ಲೇ ಅಂದ್ಲು, ಪಾಪ, ಇದು ನೋವಲ್ಲಿ ಮಾಡಿರೋ ರೊಟ್ಟಿ ಅಂತ. ಯಾಕಮ್ಮ ಹಟ? ಕಾಲು ವಾಸಿ ಆಗೋವರೆಗೂ ಆಯಮ್ಮನೇ ಮಾಡ್ಲಿ ಬಿಡಿ."

ಶರಣವ್ವ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು, ಕೈತುಂಬ ಹಿಟ್ಟು. ಅವಳು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ.

ಗಂಗಾದೇವಿ ವಾಕರನ್ನು ಹತ್ತಿರ ಎಳೆದುಕೊಂಡಳು. "ಹೂಂ ಸಾಬ್ರ, ನಾನ ಮಾಡಿದ್ದು."

ಸಾಬರು ಹೋದ ಮೇಲೆ ಗಂಗಾದೇವಿ ಗೋಡೆ ನೋಡುತ್ತಾ ಹೇಳಿದಳು, "ಹೊಸ ಹಿಟ್ಟು ಮಂಚದ ಕೆಳಗೈತಿ."

"ಕಸ ಹೊಡಿವಾಗ ನೋಡೀನ್ರಿ ಅಕ್ಕಾ" ಎಂದಳು ಶರಣವ್ವ, ಮೊಣಕೈಯಿಂದ ದಿಂಬು ಸರಿಸುತ್ತಾ. "ಕಾಲು ಮ್ಯಾಲ ಇಡ್ರಿ, ಬಾವು ಬರ್ತೈತಿ."