ಉಣ್ಣೆ ಕೋಣೆಯ ಕಂಪ್ಯೂಟರ್

ಆಗ ನಮ್ಮ ಮನೆಯಲ್ಲಿ ಹುಡುಗಿಯರ ನಗು ಓಣಿಯ ತುದಿಗೆ ಕೇಳುತ್ತಿತ್ತು. ಬಹಳ ಹಿಂದಿನ ಮಾತಲ್ಲ. ಮೊಮ್ಮಗಳು ಅಶ್ವಿನಿ ಹತ್ತನೆಯ ತರಗತಿಯ ಪರೀಕ್ಷೆ ಬರೆದು ಮನೆಯಲ್ಲಿದ್ದ ಬೇಸಿಗೆ. ಎಲ್ಲರೂ ತಂತಮ್ಮ ಬಾಲ್ಯವನ್ನು ನೆನೆಯುತ್ತಾರೆ. ನನ್ನದು ಕುರಿಗಳ ಹಿಂದೆ ನಡೆದು ಮುಗಿಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ. ಅವಳದನ್ನು ಹೇಳುತ್ತೇನೆ. ಅದು ಮುಗಿದದ್ದನ್ನು ಕಣ್ಣಾರೆ ಕಂಡವಳು ನಾನು.

ಮರಾಠಿ ಸೀಮೆಯ ವಲಾಂಡಿಯ ಹತ್ತಿರದ ನಮ್ಮ ಊರಲ್ಲಿ ಗಂಡುಹುಡುಗರಿಗೆ ಬಯಲಿತ್ತು, ಬೈಕಿತ್ತು, ಉದಗೀರದ ಪೇಟೆಯಿತ್ತು. ಹುಡುಗಿಯರಿಗೆ ಮುಸುರೆ ತಿಕ್ಕುವ ಕಲ್ಲಿತ್ತು. ಅಶ್ವಿನಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಬೇಕಿತ್ತು. ಕೇಳಿದರೆ ನನ್ನ ಮಗ, ಅಂದರೆ ಅವಳಪ್ಪ, "ಹುಡುಗೀಗಿ ಯಾತಕ್ಕ ಬೇಕದು?" ಅಂದ. ನಾನು ನೇಯಿಸಿಟ್ಟಿದ್ದ ಕಂಬಳಿ ಮಾರಿ ದುಡ್ಡು ಅವಳ ಕೈಗಿಟ್ಟೆ. ಉದಗೀರದ ಹಳೆ ಸಾಮಾನಿನ ಅಂಗಡಿಯಿಂದ ಬಿಡಿ ಬಿಡಿ ಭಾಗ ತಂದು ನೆಲದ ಮೇಲೆ ಹರಡಿದಳು. ಬಿಸ್ಕೀಟಿನಷ್ಟು ದೊಡ್ಡದೊಂದು ಚಪ್ಪಟೆ ತುಂಡನ್ನು ಎತ್ತಿ ತೋರಿಸಿದಳು.

"ಇದು ಪ್ರೊಸೆಸರ್ ಆಯಿ. ಕಂಪ್ಯೂಟರಿನ ತಲಿನೇ ಇದು. ದೊಡ್ಡ ಕಂಪನ್ಯಾಗ ಸರ್ವರದೊಳಗ ಹಗಲು ರಾತ್ರಿ ದುಡದಾದ. ಈಗ ಹಳೀದಾತಂತ ತೆಗದು ಒಗದಾರ."

"ನನ್ನಂಗ."

"ಖರೇನೇ ನಿನ್ನಂಗ. ಆದ್ರ ಇದು ಬೈಯಲ್ಲ."

ಉಣ್ಣೆ ತುಂಬಿಡುವ ಕೋಣೆಯೊಂದೇ ಖಾಲಿ ಮಾಡಬಹುದಾದದ್ದು. ಚೀಲಗಳನ್ನೆಲ್ಲ ಹೊರಗೆ ಹೊತ್ತಳು. ಗೋಡೆಯನ್ನೂ ಬಿಡದೆ ಒರೆಸಿದಳು. "ಉಣ್ಣಿ ಎಳಿ ಪಂಖಾದಾಗ ಹೊಕ್ಕರ ಗಾಳಿ ನಿಲ್ತದ, ಕಾದು ಸುಡ್ತದ," ಅಂದಳು. ನನ್ನ ನೂಲುವ ರಾಟಿಯೂ ಕಟ್ಟೆಗೆ ಬಂತು. ಒಂದು ಮಧ್ಯಾಹ್ನ ಒಳಗಿಂದ "ಚಾಲೂ ಝಾಲಾ ಆಯಿ, ಚಾಲೂ ಝಾಲಾ!" ಎಂದು ಮರಾಠಿಯಲ್ಲಿ ಚೀರಿದಳು.

ಚಾಲೂ ಆಯಿತು, ಆಟ ಮಾತ್ರ ತಡೆತಡೆದು ಓಡಿತು. ಆಗ ಓವರ್‌ಕ್ಲಾಕ್ ಮಾಡುತ್ತೇನೆಂದು ಕೂತಳು. ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ಓಡಿಸುವುದು. ಒಂದೇ ಸಲಕ್ಕೆ ಏರಿಸಲಿಲ್ಲ. ಒಂದಿಷ್ಟು ಏರಿಸುವಳು, ದುಡಿಯಲು ಬಿಡುವಳು, ಕಾವು ನೋಡುವಳು. ಪರದೆ ನಿಂತುಹೋದರೆ ಇಳಿಸುವಳು. ಮೇಲೆ ತಗಡು, ಹೊರಗೆ ವೈಶಾಖದ ಬಿಸಿಲು, ಅವಳ ಬೆನ್ನು ಬೆವರಲ್ಲಿ ಅದ್ದಿಹೋಗಿತ್ತು. ಹೀಗೆ ಹಲವು ದಿನವಾದ ಮೇಲೆ ಕೈ ತೆಗೆದಳು. "ಇಲ್ಲಿಗಿ ಬಸ್. ಇದರ ಮ್ಯಾಲ ಆಸಿ ಪಡಬಾರದು."

ಅಲ್ಲಿಂದ ಓಣಿಯ ಹುಡುಗಿಯರು ಬರತೊಡಗಿದರು. ಹುರಿದ ಶೇಂಗಾ, ಬೆಲ್ಲ, ಮಾವಿನಕಾಯಿಯ ಹೋಳುಗಳಿಗೆ ಉಪ್ಪುಖಾರ. "ಏಯ್, ಕೈ ತೊಳಕೊಂಡು ಮುಟ್ಟ," ಎಂದು ಅಶ್ವಿನಿ ಗದರುವಳು. ಒಬ್ಬಳು ಕಾರನ್ನು ಗೋಡೆಗೆ ಗುದ್ದಿದರೆ ಇನ್ನೊಬ್ಬಳು, "ನಿನ್ನ ಕೂಡ ಲಗ್ನ ಆಗಾವ ಹೆಲ್ಮೆಟ್ ಹಾಕ್ಕೊಂಡೇ ಮಲಗಬೇಕು ನೋಡ!" ಅನ್ನುವಳು. ಮನೆ ಹಾರಿಹೋಗುವಂತೆ ನಗುತ್ತಿದ್ದರು. ಹೆಣ್ಣುಮಕ್ಕಳು ಹಾಗೆ ನಕ್ಕದ್ದನ್ನು ನಾನು ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಕೇಳಿರಲಿಲ್ಲ.

ಮಳೆಗಾಲ ಮುಗಿದು ಕುರಿಗಳ ಉಣ್ಣೆ ಕತ್ತರಿಸುವ ಹೊತ್ತಿಗೆ ಅಶ್ವಿನಿ ಉದಗೀರದ ಕಾಲೇಜಿಗೆ ಹೋಗುತ್ತಿದ್ದಳು. ಅವಳಿಲ್ಲದಾಗ ನನ್ನ ಮಗ ಹೊಸ ಉಣ್ಣೆಯ ಚೀಲಗಳನ್ನು ತಂದು ಕಂಪ್ಯೂಟರಿಗೆ ಒತ್ತಿ ಒಟ್ಟಿದ. ಅದೇ ದಿನ ಅಶ್ವಿನಿಯ ಅಣ್ಣ ಅಮೋಲ ಗೆಳೆಯರನ್ನು ಕರೆತಂದ. "ಮೀಚ್ ಬನವಲಾ," ನಾನೇ ಕಟ್ಟಿದ್ದು, ಎಂದು ಅವರೆದುರು ಕೊಚ್ಚಿಕೊಂಡ.

"ಅಮ್ಯಾ, ಮೊದಲ ಆ ಚೀಲ ತಗಿ. ಅಕೀಗಿ ಕೇಳದೇ ಮುಟ್ಟಬ್ಯಾಡ," ಅಂದೆ.

"ನೀ ಹೋಗಿ ರಾಟಿ ತಿರಗಸು ಆಯಿ," ಅಂದ. ಗೆಳೆಯರು ನಕ್ಕರು. "ಇನ್ನಾ ಸ್ಪೀಡ್ ಏರಸ್ತೀನಿ, ನೋಡ್ರಿ."

ಏರಿಸಿದ. ಮೊದಲು ಉಣ್ಣೆ ಸೀದ ನಾತ ಬಂತು, ಆಮೇಲೆ ಪಟ್ಟೆಂದು ಸದ್ದು, ಹೊಗೆ. ಪರದೆ ಕಪ್ಪಾಯಿತು. ಗೆಳೆಯರು ಚಪ್ಪಲಿ ಮೆಟ್ಟಿದರು.

ಸಂಜೆ ಬಸ್ಸಿಳಿದು ಬಂದ ಅಶ್ವಿನಿ ಅಳಲಿಲ್ಲ. ಸ್ಕ್ರೂ ಬಿಚ್ಚಿದಳು, ಒಳಗೆ ಹೊಕ್ಕಿದ್ದ ಉಣ್ಣೆಯನ್ನು ಹಿಡಿ ಹಿಡಿಯಾಗಿ ತೆಗೆದಳು, ಮೂಸಿದಳು. "ಅಪ್ಪಾ, ಬೋರ್ಡ್ ಸುಟ್ಟಾದ. ಪ್ರೊಸೆಸರ್ ಉಳದಿರಬೇಕು. ಬೋರ್ಡ್ ಒಂದು ಕೊಡಸು, ನಾ ಮತ್ತ ಚಾಲೂ ಮಾಡ್ತೀನಿ."

"ಮೋಡ್ಕಾ, ಮುರದ ಸಾಮಾನ ತಂದು ಮನೀಗಿ ಬೆಂಕಿ ಹಚ್ಚಲತ್ತಿದ್ದಿ. ಮತ್ತ ಕೊಡಸಬೇಕಾ?"

"ಏರಿಸಿದಂವ ಅಣ್ಣ."

"ಗಂಡು ಹುಡುಗ, ನೋಡ್ಯಾನ. ಏನಾತೀಗ?"

ದೀಪಾವಳಿಗೆ ಅಮೋಲನಿಗೆ ಹೊಸ ಲ್ಯಾಪ್‌ಟಾಪ್ ಬಂತು. ಅವನ ಓದಿಗೆ ಬೇಕಂತೆ. "ಸುಟ್ಟಂವಗ ಹೊಸಾದು, ಕಟ್ಟಿದಾಕಿಗಿ ಬೈಗಳ. ಚಂದ ಅದ ನಿನ್ನ ನ್ಯಾಯ," ಎಂದು ಮಗನ ಮುಖಕ್ಕೇ ಅಂದೆ. "ಅವ್ವಾ, ನೀ ಸುಮ್ಮಕ ಕೂಡು," ಅಂದ. ಕೋಣೆಯಲ್ಲಿ ಮತ್ತೆ ಉಣ್ಣೆ ತುಂಬಿತು. ಹುಡುಗಿಯರು ಬರುವುದು ನಿಂತಿತು. ಅವರಲ್ಲೊಬ್ಬಳನ್ನು ನಿಲಂಗಾ ಊರಿಗೆ ಮದುವೆ ಮಾಡಿ ಕೊಟ್ಟದ್ದೂ ಆಯಿತು.

ಮೊನ್ನೆ ಅಮೋಲ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೆ ಬಂದ. "ಅಶ್ವಿ, ಜರಾ ನೋಡ. ಭಾಳ ನಿಧಾನ ಆಗ್ಯಾದ, ಕಾಯಲತ್ತದ."

ಅವಳು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ. "ನಂಗ ಅದೆಲ್ಲಾ ತಿಳಿಯಲ್ಲ ಅಣ್ಣಾ."

ಕೇಳಿಸಿಕೊಂಡ ನನ್ನ ಮಗನಿಗೆ ಸಮಾಧಾನವಾಯಿತು. "ನೋಡವ್ವಾ, ಈಗ ಹುಡುಗಿ ಎಷ್ಟು ಶಾಣ್ಯಾ ಆಗ್ಯಾಳ," ಅಂದ.

ನಾನು ಅವಳ ಮುಖ ನೋಡಿದೆ. ಅವಳು ಹೇಳಿದ್ದು ಸುಳ್ಳು, ನನಗೂ ಗೊತ್ತು, ಅವಳಿಗೂ ಗೊತ್ತು. ಆದರೆ ಅದು ಎಷ್ಟು ಸರಾಗವಾಗಿ ಬಾಯಿಗೆ ಬಂತೆಂದರೆ, ಇನ್ನು ಕೆಲವು ವರ್ಷಕ್ಕೆ ನಿಜವೇ ಆಗಿಬಿಡುತ್ತದೆ.